ಅಲನ್ ಟ್ಯೂರಿಂಗ್: ಕಳ್ಳಗಿಂಡಿಯನ್ನು ಕಂಡ ಗಣಿತಜ್ಞ

ಕೋಟೆ ಎಷ್ಟೇ ಎತ್ತರವಾಗಿರಲಿ, ಅದರ ಬಲಾಬಲ ತಿಳಿಯುವುದು ಅದರ ಅತಿ ಸಣ್ಣ ಕಿಂಡಿಯಲ್ಲಿ. ಚಿತ್ರದುರ್ಗವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಲಿಯ ಸೈನಿಕರು ಹೆಬ್ಬಾಗಿಲುಗಳನ್ನು ಬಿಟ್ಟು ಬಂಡೆಗಳ ನಡುವಣ ಕಿಂಡಿಯಲ್ಲಿ ನುಸುಳಿದರೆಂದೂ, ಓಬವ್ವನು ಒನಕೆ ಹಿಡಿದು ಅಲ್ಲಿ ನಿಂತಳೆಂದೂ ಜನರು ಇಂದಿಗೂ ಹೇಳುತ್ತಾರೆ. ಈ ಗಣಕಯಂತ್ರದ ಯುಗದಲ್ಲಿ ನಮ್ಮ ಕೋಟೆಗಳು ಕಲ್ಲಿನವಲ್ಲ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಕಡತ, ನಮ್ಮ ಅಂಕಪಟ್ಟಿ ಎಲ್ಲವೂ ಸಂಕೇತಗಳ ಬೀಗದೊಳಗಿವೆ. ಆ ಬೀಗದ ದೋಷವನ್ನು ಕಳ್ಳನಿಗಿಂತ ಮೊದಲೇ ಹುಡುಕಿ ಒಡೆಯನಿಗೆ ತಿಳಿಸುವ ಕಸುಬಿಗೆ ನೈತಿಕ ಹ್ಯಾಕಿಂಗ್ ಎಂದು ಹೆಸರು. ಆ ಹೆಸರು ಹುಟ್ಟುವುದಕ್ಕೆ ಬಹು ಮುಂಚೆಯೇ ಆ ವಿದ್ಯೆಯಲ್ಲಿ ಪಾರಂಗತನಾಗಿದ್ದ ಒಬ್ಬ ಮಹಾಪುರುಷನ ಜೀವನವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಆತನೇ ಆಂಗ್ಲ ಗಣಿತಜ್ಞ ಅಲನ್ ಟ್ಯೂರಿಂಗ್.

ಟ್ಯೂರಿಂಗನು 1912ನೆಯ ಇಸವಿ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ಆದರೆ ಆತನ ಮನೆತನಕ್ಕೆ ನಮ್ಮ ಸೀಮೆಯ ಋಣಾನುಬಂಧವುಂಟು. ತಂದೆ ಜೂಲಿಯಸ್ ಟ್ಯೂರಿಂಗನು ಮದರಾಸು ಪ್ರಾಂತದ ಐ.ಸಿ.ಎಸ್. ಅಧಿಕಾರಿ, ಅಂದು ಆ ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೂ ಸೇವೆ ಸಲ್ಲಿಸಿದವನು. ತಾಯಿ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ಮದರಾಸು ರೈಲ್ವೆಯ ಮುಖ್ಯ ಎಂಜಿನಿಯರನಾಗಿ ತುಂಗಭದ್ರೆಯ ಮೇಲೆ ಸೇತುವೆ ಕಟ್ಟಿಸಿದವನು. ತಂದೆಯ ಉದ್ಯೋಗ ಭಾರತದಲ್ಲಿ, ಮಕ್ಕಳ ವಾಸ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ. ಹೀಗೆ ಟ್ಯೂರಿಂಗನ ಬಾಲ್ಯವು ಹೆತ್ತವರಿಂದ ದೂರವೇ ಕಳೆಯಿತು.

ಬಾಲಕನ ಛಲ ಅಸಾಧಾರಣವಾದದ್ದು. 1926ರಲ್ಲಿ ಷೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನ ದೇಶದಾದ್ಯಂತ ಮುಷ್ಕರವಾಗಿ ರೈಲುಗಳು ನಿಂತುಹೋದವು. ಹದಿಮೂರು ವರ್ಷದ ಹುಡುಗನು ಸುಮಾರು 60 ಮೈಲಿ ದಾರಿಯನ್ನು ಸೈಕಲ್ಲಿನ ಮೇಲೆಯೇ ಕ್ರಮಿಸಿ ಶಾಲೆಯನ್ನು ಮುಟ್ಟಿದನು. ಮುಂದೆ ಆತನ ಸೈಕಲ್ಲಿನ ಬಗ್ಗೆ ಇನ್ನೊಂದು ಕತೆ ಹುಟ್ಟಿತು. ಅದರ ಚೈನು ಆಗಾಗ ಕಳಚಿ ಬೀಳುತ್ತಿತ್ತಂತೆ. ಆತನು ಪೆಡಲಿನ ಸುತ್ತುಗಳನ್ನು ಎಣಿಸಿ, ಎಷ್ಟನೆಯ ಸುತ್ತಿಗೆ ಚೈನು ಕಳಚುವುದೆಂಬ ಲೆಕ್ಕ ಹಿಡಿದು, ಕೊನೆಗೆ ದೋಷದ ಮೂಲವನ್ನೇ ಕಂಡನಂತೆ. ಪೀಣ್ಯದಲ್ಲಿ ಲೇತ್ ಯಂತ್ರದ ಮೇಲೆ ದುಡಿಯುವ ನಮ್ಮ ತಂದೆಯವರಿಗೆ ಈ ಕತೆಯನ್ನು ಹೇಳಿದೆನು. ಯಂತ್ರದ ಸದ್ದು ಕೇಳಿಯೇ ಬೇರಿಂಗ್ ಸವೆದಿದೆಯೆಂದು ತಿಳಿಯಬಲ್ಲ ಅವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ದೋಷವನ್ನು ಅರಿಯಬೇಕಾದರೆ ಯಂತ್ರದೊಡನೆ ತಾಳ್ಮೆಯಿಂದಿರಬೇಕೆಂಬುದು ಕಾರ್ಖಾನೆಯಲ್ಲಿ ಎಲ್ಲರೂ ಬಲ್ಲ ಮಾತು.

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1936ರಲ್ಲಿ ಟ್ಯೂರಿಂಗನು ಒಂದು ಪ್ರಬಂಧವನ್ನು ಬರೆದನು. ಉದ್ದನೆಯ ಪಟ್ಟಿಯ ಮೇಲೆ ಚಿಹ್ನೆಗಳನ್ನು ಓದುತ್ತ, ಬರೆಯುತ್ತ, ಅಳಿಸುತ್ತ ಹೋಗುವ ಒಂದು ಕಾಲ್ಪನಿಕ ಯಂತ್ರ ಅದರ ವಸ್ತು. ಇಂದಿನ ಗಣಕಯಂತ್ರದ ತತ್ತ್ವವೆಲ್ಲ ಅದರಲ್ಲಿ ಅಡಗಿದೆ. ಅದೇ ಪ್ರಬಂಧದಲ್ಲಿ ಯಂತ್ರದ ಮಿತಿಯನ್ನೂ ಆತನು ಸಾಧಿಸಿ ತೋರಿಸಿದನು: ಕೆಲವು ಪ್ರಶ್ನೆಗಳಿಗೆ ಯಾವ ಯಂತ್ರವೂ ತಪ್ಪದೆ ಉತ್ತರ ಹೇಳಲಾರದು. ಎಲ್ಲ ಪ್ರೋಗ್ರಾಮುಗಳ ಎಲ್ಲ ದೋಷಗಳನ್ನೂ ತಾನೇ ಹಿಡಿಯುವ ಯಂತ್ರವನ್ನು ಎಂದಿಗೂ ಕಟ್ಟಲಾಗದೆಂಬುದು ಇದರಿಂದಲೇ ಹೊರಡುವ ಸಿದ್ಧಾಂತ. ಆದುದರಿಂದ ಮುಂದೆ ಎಂತಹ ಬುದ್ಧಿವಂತ ಯಂತ್ರಗಳು ಬಂದರೂ ಬೀಗವನ್ನು ಪರೀಕ್ಷಿಸುವ ಕೆಲಸ ಮುಗಿಯುವಂತಹುದಲ್ಲ.

1939ರ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಆರಂಭವಾಯಿತು. ಟ್ಯೂರಿಂಗನು ಬ್ಲೆಚ್‌ಲಿ ಪಾರ್ಕ್ ಎಂಬಲ್ಲಿದ್ದ ಗೂಢಲಿಪಿಯ ಕಚೇರಿಗೆ ಸೇರಿದನು. ಜರ್ಮನರು ತಮ್ಮ ಸಂದೇಶಗಳನ್ನು ಎನಿಗ್ಮಾ ಯಂತ್ರದಿಂದ ಗೂಢಗೊಳಿಸುತ್ತಿದ್ದರು. ಅದರ ಚಕ್ರಗಳನ್ನೂ ತಂತಿಗಳನ್ನೂ ಜೋಡಿಸುವ ವಿಧಾನಗಳ ಸಂಖ್ಯೆ 1ರ ಮುಂದೆ 20 ಸೊನ್ನೆ ಬರೆದುದಕ್ಕಿಂತಲೂ ಹೆಚ್ಚು. ಆ ಜೋಡಣೆಯೂ ದಿನದಿನಕ್ಕೆ ಬದಲಾಗುತ್ತಿತ್ತು. ಪೋಲೆಂಡಿನ ಮರಿಯನ್ ರೆಯೆವ್‌ಸ್ಕಿ ಮೊದಲಾದ ಗಣಿತಜ್ಞರು 1932ರಲ್ಲಿಯೇ ಇದರ ಮರ್ಮವನ್ನು ಭೇದಿಸಿ, ಯುದ್ಧಕ್ಕೆ ಸ್ವಲ್ಪ ಮುಂಚೆ ತಮ್ಮ ವಿದ್ಯೆಯನ್ನು ಆಂಗ್ಲರಿಗೂ ಫ್ರೆಂಚರಿಗೂ ಧಾರೆಯೆರೆದಿದ್ದರು. ಈ ಉಪಕಾರವನ್ನು ಮರೆಯುವುದು ನ್ಯಾಯವಲ್ಲ.

ಈ ಮಹಾಕೋಟೆಗೂ ಕಿಂಡಿಯಿತ್ತು. ಎನಿಗ್ಮಾದಲ್ಲಿ ಯಾವ ಅಕ್ಷರವೂ ತಾನು ತಾನಾಗಿಯೇ ಹೊರಬರುತ್ತಿರಲಿಲ್ಲ. ಅದನ್ನು ಬಳಸುವವರೂ ಹವಾಮಾನದ ವರದಿಯಂತಹ ಸಂದೇಶಗಳನ್ನು ದಿನವೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಕಳುಹಿಸುತ್ತಿದ್ದರು. ಸಂದೇಶದಲ್ಲಿ ಇಂಥ ಪದವಿರಬೇಕೆಂದು ಊಹಿಸಿ, ಊಹೆಗೆ ಹೊಂದದ ಜೋಡಣೆಗಳನ್ನೆಲ್ಲ ಸರಸರನೆ ತಳ್ಳಿಹಾಕುವ ಬಾಂಬ್ ಎಂಬ ಯಂತ್ರವನ್ನು ಟ್ಯೂರಿಂಗನು ರೂಪಿಸಿದನು. ಗಾರ್ಡನ್ ವೆಲ್ಚ್‌ಮನ್ನನು ಅದನ್ನು ಇನ್ನಷ್ಟು ತಿದ್ದಿದನು. ಅಟ್ಲಾಂಟಿಕ್ ಸಾಗರದಲ್ಲಿ ಜಲಾಂತರ್ಗಾಮಿಗಳಿಗೆ ಬಲಿಯಾಗಲಿದ್ದ ಎಷ್ಟೋ ನಾವಿಕರ ಪ್ರಾಣ ಇದರಿಂದ ಉಳಿಯಿತು.

ಜರ್ಮನರಿಗೆ ಸಂಶಯ ಬರಲಿಲ್ಲವೆಂದಲ್ಲ. ವಿಚಾರಣೆಗಳು ನಡೆದವು, ಆದರೆ ಯಂತ್ರವು ಅಭೇದ್ಯವೆಂದೇ ಅವರ ತಜ್ಞರು ತೀರ್ಪಿತ್ತರು. 1942ರಲ್ಲಿ ಜಲಾಂತರ್ಗಾಮಿಗಳ ಯಂತ್ರಕ್ಕೆ ನಾಲ್ಕನೆಯ ಚಕ್ರವನ್ನು ಸೇರಿಸಿದಾಗ ಸುಮಾರು ಹತ್ತು ತಿಂಗಳು ಆಂಗ್ಲರಿಗೆ ದಾರಿ ಕಾಣಲಿಲ್ಲ. ಮೂಲದೋಷವು ಹಾಗೆಯೇ ಉಳಿದದ್ದರಿಂದ ಮತ್ತೆ ಬಾಗಿಲು ತೆರೆಯಿತು. ಇತ್ತ ಆಂಗ್ಲ ನೌಕಾದಳದ ಗೂಢಲಿಪಿಯನ್ನೂ ಜರ್ಮನರು ಓದುತ್ತಿದ್ದರು! ಬಿಡಿಸಿದ ಸಂದೇಶಗಳಿಂದ ಇದು ತಿಳಿದುಬಂದಾಗ ಆಂಗ್ಲರು 1943ರಲ್ಲಿ ಆ ಲಿಪಿಯನ್ನೇ ಬದಲಿಸಿದರು. ತನ್ನ ಬೀಗ ಮುರಿದಿದೆಯೆಂಬ ಅಪ್ರಿಯ ಸುದ್ದಿಯನ್ನು ಕೇಳಿ ತಿದ್ದಿಕೊಂಡವನು ಉಳಿದನು, ಕೇಳಲೊಲ್ಲದವನು ಕೆಟ್ಟನು. ಅದೇ ವರ್ಷ ಟ್ಯೂರಿಂಗನು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ, ಮಾತನ್ನು ಗೂಢಗೊಳಿಸುವ ಮಿತ್ರರಾಷ್ಟ್ರದ ಹೊಸ ಯಂತ್ರವನ್ನು ಅವರ ಅನುಮತಿ ಪಡೆದು ಪರಿಶೀಲಿಸಿದನು. ಇಂದು ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ನಮ್ಮ ಓರಗೆಯವರು ಸಂಬಳಕ್ಕೆ ಮಾಡುವ ಕೆಲಸ ಇದೇ ಜಾತಿಯದು.

ಇಷ್ಟು ಮಾಡಿದವನಿಗೆ ದೇಶ ಕೊಟ್ಟ ಪ್ರತಿಫಲವೇನು? 1952ರಲ್ಲಿ ಆತನ ಮನೆಯಲ್ಲಿ ಕಳವಾಯಿತು. ಆತನು ನೇರವಾಗಿ ಪೊಲೀಸರಿಗೆ ತಿಳಿಸಿದನು. ತನಿಖೆಯ ನಡುವೆ, ಪುರುಷನೊಬ್ಬನೊಡನೆ ತನಗಿದ್ದ ಪ್ರಣಯಸಂಬಂಧವನ್ನು ಮರೆಮಾಚದೆ ಹೇಳಿದನು. ಅಂದಿನ ಆಂಗ್ಲ ಕಾನೂನಿಗೆ ಅದು ಅಪರಾಧ. ಕಳವನ್ನು ದೂರಿಕೊಂಡವನೇ ಅಪರಾಧಿಯಾದನು! ಸೆರೆಮನೆಯ ಬದಲು ಹಾರ್ಮೋನಿನ ಚುಚ್ಚುಮದ್ದಿನ ಶಿಕ್ಷೆಗೆ ಒಪ್ಪಬೇಕಾಯಿತು. ಸರ್ಕಾರದ ಗುಪ್ತಕಾರ್ಯದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು, ನಲವತ್ತೊಂದನೆಯ ವಯಸ್ಸಿನಲ್ಲಿ, ಸಯನೈಡ್ ವಿಷದಿಂದ ಆತನು ಮೃತನಾದನು. ಅದು ಆತ್ಮಹತ್ಯೆಯೆಂದು ವಿಚಾರಣೆಯಲ್ಲಿ ನಿರ್ಣಯವಾಯಿತು. ಯುದ್ಧಕಾಲದ ಆತನ ಸಾಧನೆ ಇನ್ನೂ ಇಪ್ಪತ್ತು ವರ್ಷ ಗುಟ್ಟಾಗಿಯೇ ಇತ್ತು. ಆಂಗ್ಲ ಸರ್ಕಾರ ಕ್ಷಮೆ ಕೇಳಿದ್ದು 2009ರಲ್ಲಿ. ರಾಜಮುದ್ರೆಯ ಕ್ಷಮಾದಾನ ದೊರೆತದ್ದು 2013ರಲ್ಲಿ. ನಮ್ಮ ಸರ್ವೋಚ್ಚ ನ್ಯಾಯಾಲಯವು ಅಂತಹ ಸಂಬಂಧ ಅಪರಾಧವಲ್ಲವೆಂದು ಸಾರಿದ್ದು 2018ರಲ್ಲಿ.

ಈ ಜೀವನದಿಂದ ನಾವು ಕಲಿಯಬೇಕಾದುದೇನು? ನಮ್ಮಲ್ಲಿ 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಪರರ ಗಣಕಯಂತ್ರವನ್ನು ಹೊಗುವುದು ತಪ್ಪು, ಅದು ಸರಿಯೇ. ಕಂಡ ದೋಷವನ್ನು ತಿಳಿಸಲು 2004ರಿಂದ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯೂ ಇದೆ. ಆದರೂ ದೋಷ ಹೇಳಿದವನನ್ನೇ ಕಳ್ಳನಂತೆ ನೋಡುವ ಮನೋಭಾವ ಪೂರ್ಣವಾಗಿ ಅಳಿದಿಲ್ಲ. ನನ್ನ ಲಗ್ಗೆರೆಯ ನೆರೆಯ ಹುಡುಗನೊಬ್ಬನು ಒಂದು ಸಂಸ್ಥೆಯ ಬೀಗದಲ್ಲಿ ಬಿರುಕು ಕಂಡನೆನ್ನೋಣ. ಹೇಳಿದರೆ ಠಾಣೆಗೆ ಹೋಗಬೇಕಾದೀತೆಂದು ಹೆದರಿ ಅವನು ಸುಮ್ಮನಾದರೆ, ನಾಳೆ ಅದೇ ಬಿರುಕನ್ನು ಕಾಣುವವನು ಹೇಳುವುದಿಲ್ಲ, ಒಳಗೇ ನುಗ್ಗುತ್ತಾನೆ. ಆಗ ಹೋಗುವುದು ಆ ಸಂಸ್ಥೆಯ ಮಾನ ಮಾತ್ರವಲ್ಲ, ನಮ್ಮ ತಂದೆತಾಯಿಗಳು ಬೆವರು ಸುರಿಸಿ ಕೂಡಿಟ್ಟ ಹಣ.

ಪರೀಕ್ಷಿಸುವವನು ಒಡೆಯನ ಒಪ್ಪಿಗೆ ಪಡೆಯಲಿ. ಕಂಡುದನ್ನು ಮೊದಲು ಒಡೆಯನಿಗೇ ಹೇಳಿ, ಸರಿಪಡಿಸಲು ಕಾಲಾವಕಾಶ ಕೊಡಲಿ. ಒಡೆಯನಾದವನು ಸಿಟ್ಟಾಗದೆ ಕೇಳಿ ತಿದ್ದಿಕೊಳ್ಳಲಿ. ಓದು ಮುಗಿಸಿ ನಾಳೆ ಕಚೇರಿಗಳನ್ನೂ ಕಾರ್ಖಾನೆಗಳನ್ನೂ ಸೇರಲಿರುವ ನಾವು, ನಮ್ಮ ತಪ್ಪನ್ನು ತೋರಿಸಿದವನನ್ನು ಹಿತೈಷಿಯೆಂದು ಕಾಣುವುದಾದರೆ ಅದೇ ಟ್ಯೂರಿಂಗನಿಗೆ ನಾವು ಸಲ್ಲಿಸಬಹುದಾದ ಗೌರವ.