ಸಂತ ಝೆಲಿ ಮಾರ್ಟಿನ್: ಕಾಯುವ ದಿನಗಳ ತಾಯಿ

ಬಾಲಯೇಸುವಿನ ಸಂತ ತೆರೇಸಮ್ಮನವರ ತಾಯಿ ಝೆಲಿ 1831ರಲ್ಲಿ ಫ್ರಾನ್ಸಿನಲ್ಲಿ ಜನಿಸಿದರು. ಅಲಾಂಸೋನ್ ನಗರದಲ್ಲಿ ಲೇಸ್ ನೇಯ್ಗೆಯ ಉದ್ಯಮ ನಡೆಸುತ್ತಿದ್ದ ಅವರು 1858ರಲ್ಲಿ ಗಡಿಯಾರ ತಯಾರಕ ಲೂಯಿ ಮಾರ್ಟಿನರನ್ನು ವರಿಸಿದರು. ಒಂಬತ್ತು ಮಕ್ಕಳಲ್ಲಿ ಐವರು ಹೆಣ್ಣುಮಕ್ಕಳು ಮಾತ್ರ ಬದುಕುಳಿದರು.

ಎದೆಯಲ್ಲಿದ್ದ ಗಂಟಿನ ಕುರಿತು ಝೆಲಿ 1865ರಲ್ಲೇ ತಮ್ಮ ಇಸಿದೋರನಿಗೆ ಬರೆದಿದ್ದರು. ಆದರೆ ಚಿಕಿತ್ಸೆಯಿಲ್ಲದೆ ವರ್ಷಗಳು ಉರುಳಿದವು. 1876ರ ಡಿಸೆಂಬರಿನಲ್ಲಿ ವೈದ್ಯರು ರೋಗ ಗಂಭೀರವೆಂದು ತಿಳಿಸಿದರು. ಝೆಲಿ ಮನೆಯವರಿಂದ ಏನನ್ನೂ ಮುಚ್ಚಿಡಲಿಲ್ಲ. ಎಲ್ಲರೂ ಕಣ್ಣೀರಿಟ್ಟಾಗ, ಹೇಳಬಾರದಿತ್ತೆಂದು ಪರಿತಪಿಸಿದರು. ಮೀನು ಹಿಡಿಯುವ ಹವ್ಯಾಸವಿದ್ದ ಲೂಯಿ ಗಾಳವನ್ನು ಅಟ್ಟಕ್ಕೇರಿಸಿ ಪತ್ನಿಯ ಬಳಿ ಉಳಿದರು.

ಕೊನೆಯ ಆಸೆಯಿಂದ ಝೆಲಿ ತಮ್ಮನಿದ್ದ ಲಿಸ್ಯೂ ಪಟ್ಟಣಕ್ಕೆ ತೆರಳಿ ಇನ್ನೊಬ್ಬ ವೈದ್ಯರನ್ನು ಕಂಡರು. ಶಸ್ತ್ರಚಿಕಿತ್ಸೆಯ ಕಾಲ ಮೀರಿತ್ತು. 16 ವರ್ಷದ ಹಿರಿಯ ಮಗಳು ಮರೀ ತಂಗಿಯ ಪಾಠಕ್ಕೂ ತಾಯಿಯ ಶುಶ್ರೂಷೆಗೂ ಹೆಗಲು ಕೊಟ್ಟಳು. 1877ರ ಜೂನ್‌ನಲ್ಲಿ ಹಿರಿಯ ಪುತ್ರಿಯರು ಮೂವರೂ ತಾಯಿಯೊಡನೆ ಲೂರ್ದಿಗೆ ಯಾತ್ರೆ ಹೋದರು. ರೋಗ ಗುಣವಾಗಲಿಲ್ಲ, ಪ್ರಾರ್ಥನೆಯೂ ನಿಲ್ಲಲಿಲ್ಲ.

1877ರ ಆಗಸ್ಟ್ 28ರಂದು, 45ನೆಯ ವಯಸ್ಸಿನಲ್ಲಿ ಝೆಲಿ ದೈವಾಧೀನರಾದರು. ಆಗ ತೆರೇಸಳಿಗೆ ನಾಲ್ಕೇ ವರ್ಷ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಈ ದಂಪತಿಗಳನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು.

ಗಂಟು ಕಂಡೊಡನೆ ವೈದ್ಯರಲ್ಲಿಗೆ ಹೋದರೆ ಇಂದು ಅನೇಕರು ಗುಣಮುಖರಾಗುತ್ತಾರೆ. ಆದ್ದರಿಂದ ತಂದೆತಾಯಿಯರನ್ನು ತಡಮಾಡದೆ ಕರೆದೊಯ್ಯೋಣ. ವರದಿಯ ಫಲ ನಮ್ಮ ಕೈಯಲ್ಲಿಲ್ಲ. ಅದು ಬರುವವರೆಗೆ ಅವರ ಪಕ್ಕದಲ್ಲಿ ಕುಳಿತಿರುವುದು, ಮನೆಯ ಹೊರೆ ಹೊರುವುದು, ಜೊತೆಗೂಡಿ ಜಪಸರ ಮಾಡುವುದು ನಮ್ಮ ಕೈಯಲ್ಲಿದೆ.