ವಿರ್ಖೋ ಮತ್ತು ಒಂದು ಕಿರುತುಣುಕು

ಅರ್ಬುದರೋಗದ ಶಂಕೆಯುಂಟಾದರೆ ವೈದ್ಯರು ರೋಗಿಯ ಮೈಯಿಂದ ಒಂದು ಕಿರುತುಣುಕನ್ನು ತೆಗೆದು ರೋಗಶಾಸ್ತ್ರಜ್ಞನ ಪರೀಕ್ಷೆಗೆ ಕಳುಹಿಸುವುದನ್ನು ಇಂದು ಎಲ್ಲರೂ ಬಲ್ಲರು. ಆ ತುಣುಕಿಗೆ ಸಾಕ್ಷಿಯ ಗೌರವವನ್ನು ತಂದುಕೊಟ್ಟವರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಅಗ್ರಗಣ್ಯನು. ಆದರೂ ಅವನ ಚರಿತ್ರೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಅವನ ಗೆಲವುಗಳ ಬಳಿಯಲ್ಲ. ಅವನ ಕಣ್ಣಿಗೂ ನಿಜವನ್ನು ತೋರದೆ ಹೋದ ಒಂದು ತುಣುಕಿನ ಬಳಿ.

ವಿರ್ಖೋ ಹುಟ್ಟಿದ್ದು 1821ರಲ್ಲಿ, ಪೊಮೆರೇನಿಯದ ಒಂದು ಸಣ್ಣ ಊರಿನಲ್ಲಿ. ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಷರಿಟೆ ಆಸ್ಪತ್ರೆಯ ಶವಪರೀಕ್ಷಾ ವಿಭಾಗವನ್ನು ಸೇರಿದನು. 1848ರಲ್ಲಿ ಸರ್ಕಾರವು ಟೈಫಸ್ ಜ್ವರದ ಕಾರಣವನ್ನರಿಯಲು ಅವನನ್ನು ಸೈಲೀಷಿಯಕ್ಕೆ ಕಳುಹಿಸಿತು. ಬಡತನ, ಅಜ್ಞಾನ, ಆಡಳಿತದ ಅಲಕ್ಷ್ಯಗಳೇ ಜನರನ್ನು ಕೊಂದವೆಂದು ಆತ ನಿರ್ಭಯವಾಗಿ ವರದಿ ಬರೆದನು. ಅದೇ ವರ್ಷದ ಕ್ರಾಂತಿಯಲ್ಲಿ ಭಾಗಿಯಾದುದರಿಂದ ಹುದ್ದೆಗೆ ಕುತ್ತು ಬಂದು, ವ್ಯೂರ್ಟ್ಸ್‌ಬುರ್ಗಿಗೆ ಹೋಗಬೇಕಾಯಿತು. 1856ರಲ್ಲಿ ಬರ್ಲಿನ್ ಅವನನ್ನು ಮತ್ತೆ ಕರೆಸಿಕೊಂಡಿತು. ಜೀವಕೋಶವು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗದ ನೆಲೆಯನ್ನೂ ಅಲ್ಲಿಯೇ ಅರಸಬೇಕು ಎಂಬ ಅವನ ತತ್ತ್ವ 1858ರಲ್ಲಿ ಗ್ರಂಥರೂಪವಾಗಿ ಬಂದು, ವೈದ್ಯರ ದೃಷ್ಟಿಯನ್ನು ಸೂಕ್ಷ್ಮದರ್ಶಕದತ್ತ ತಿರುಗಿಸಿತು.

1887ರಲ್ಲಿ ಯುವರಾಜ ಫ್ರೀಡ್ರಿಖ್‌ನ ಧ್ವನಿ ಒಡೆಯಿತು. ಬಿಸ್ಮಾರ್ಕನ ದರ್ಪಕ್ಕೆ ಬೇಸತ್ತ ಉದಾರವಾದಿಗಳ ಆಸೆಯೆಲ್ಲ ಈ ರಾಜಕುಮಾರನ ಮೇಲಿತ್ತು. ವಿರ್ಖೋ ತಾನೂ ಬಿಸ್ಮಾರ್ಕನ ಹಳೆಯ ವಿರೋಧಿ. ಜರ್ಮನ್ ವೈದ್ಯರು ಅರ್ಬುದವೆಂದು ಶಂಕಿಸಿ ಗಂಟಲಿನ ಶಸ್ತ್ರಚಿಕಿತ್ಸೆಗೆ ಅಣಿಯಾದರು. ಇಂಗ್ಲೆಂಡಿನಿಂದ ಬಂದ ಮೊರೆಲ್ ಮೆಕೆಂಜಿ, ಮೊದಲು ಪರೀಕ್ಷೆಯಾಗಲಿ ಎಂದನು. ಮೇ, ಜೂನ್ ತಿಂಗಳುಗಳಲ್ಲಿ ಅವನು ಬಾಯಿಯ ಮೂಲಕ ಚಿಮುಟವಿಳಿಸಿ ತೆಗೆದ ತುಣುಕುಗಳು ವಿರ್ಖೋನ ಮೇಜಿಗೆ ಬಂದವು. ಮೊದಲನೆಯದು ತೀರ ಚಿಕ್ಕದು; ಆತ ಇನ್ನಷ್ಟನ್ನು ಕೇಳಿದನು. ಅರ್ಬುದದ ಕುರುಹು ಯಾವುದರಲ್ಲಿಯೂ ಕಾಣಲಿಲ್ಲ. ತನ್ನ ಮುಂದಿರುವ ಅಂಶವು ಶುಭವನ್ನೇ ಸೂಚಿಸುತ್ತದೆ, ಆದರೆ ಇದರಿಂದ ಇಡೀ ರೋಗದ ವಿಚಾರ ಹೇಳಲಾಗದು ಎಂದು ಎಚ್ಚರಿಸಿಯೇ ಬರೆದನು. ಕೇಳುವವರಿಗೆ ಮೊದಲರ್ಧವೇ ಸಾಕಾಗಿತ್ತು. ಶಸ್ತ್ರಚಿಕಿತ್ಸೆ ನಿಂತಿತು.

ನವೆಂಬರಿನ ಹೊತ್ತಿಗೆ ರೋಗ ಅರ್ಬುದವೆಂಬುದು ಸ್ಪಷ್ಟವಾಯಿತು. 1888ರ ಮಾರ್ಚಿನಲ್ಲಿ ಫ್ರೀಡ್ರಿಖ್ ಮೂಕನಾಗಿಯೇ ಚಕ್ರವರ್ತಿಯಾದನು. 99 ದಿನ ಆಳಿ, ಜೂನ್ 15ರಂದು ತೀರಿಕೊಂಡನು. ಶವಪರೀಕ್ಷೆಗೆ ನಿಂತವರಲ್ಲಿ ವಿರ್ಖೋನೂ ಒಬ್ಬ. ತುಣುಕಿನಲ್ಲಿ ಕಾಣದಿದ್ದ ರೋಗವನ್ನು ಆತ ಹಾಳಾದ ಗಂಟಲಿನಲ್ಲಿ ಕಣ್ಣಾರೆ ಕಂಡನು.

ಇಲ್ಲಿ ವಿರ್ಖೋ ತಪ್ಪಿದನೆಂದು ಹೇಳಲು ನನಗೆ ಮನಸ್ಸೊಪ್ಪದು. ಸೂಕ್ಷ್ಮದರ್ಶಕವು ತನ್ನ ಕೆಳಗಿಟ್ಟುದನ್ನಷ್ಟೇ ತೋರಿಸಬಲ್ಲದು. ಎಲ್ಲಿಂದ, ಎಷ್ಟು ಆಳದಿಂದ, ಯಾವ ಸ್ಥಿತಿಯಲ್ಲಿ ತೆಗೆದರು ಎಂಬುದು ತಿಳಿಯದಿದ್ದರೆ ತುಣುಕು ಅರ್ಧಸತ್ಯವನ್ನೇ ನುಡಿಯುತ್ತದೆ. ಅರ್ಬುದ ಸಂಶೋಧನೆಗಾಗಿ ಅಂಗಾಂಶಗಳನ್ನು ಕಾದಿಡುವ ಇಂದಿನ ಭಂಡಾರಗಳು ಪ್ರತಿಯೊಂದರ ಜೊತೆಗೂ ಅದರ ಪೂರ್ವವೃತ್ತಾಂತವನ್ನು ಬರೆದಿಡುವುದು ಇದಕ್ಕಾಗಿಯೇ.

ಕೂಡಿಡುವ ಈ ಕೆಲಸದಲ್ಲಿಯೂ ವಿರ್ಖೋ ಹಿರಿಯನೇ. ಒಂದೊಂದು ರೋಗದ ಹಲವು ಹಂತಗಳನ್ನೂ ಕಾಣುವಂತೆ ಆತ ದಶಕಗಳ ಕಾಲ ಮಾದರಿಗಳನ್ನು ಸಂಗ್ರಹಿಸಿದನು. 1899ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಅವನ ವಸ್ತುಸಂಗ್ರಹಾಲಯದಲ್ಲಿ 20,000ಕ್ಕೂ ಹೆಚ್ಚು ಮಾದರಿಗಳಿದ್ದವು. ವಿದ್ಯಾರ್ಥಿಗಳಿಗಲ್ಲದೆ ಸಾಮಾನ್ಯ ಜನರಿಗೂ ಅಲ್ಲಿ ಪ್ರವೇಶವಿತ್ತು. ಟ್ರಾಮಿನಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದ ವೃದ್ಧ ವಿರ್ಖೋ 1902ರ ಸೆಪ್ಟೆಂಬರ್ 5ರಂದು ಕಣ್ಮುಚ್ಚಿದನು. ಎರಡನೆಯ ಮಹಾಯುದ್ಧದ ಬಾಂಬುಗಳು ಆ ಸಂಗ್ರಹದ ಬಹುಭಾಗವನ್ನು ನಾಶಮಾಡಿದವು. ಉಳಿದ ಜಾಡಿಗಳು ಇಂದಿಗೂ ಷರಿಟೆಯಲ್ಲಿ ಬರುವವರಿಗಾಗಿ ಕಾದಿವೆ.