ಕಡಲಂಚಿಗೆ ಓಡಿದ ಹುಡುಗ: ಫ್ರಾಂಸ್ವಾ ತ್ರುಫೊ

ಪ್ಯಾರಿಸ್ ನಗರದ ಪೊಲೀಸ್ ಠಾಣೆಯೊಂದಕ್ಕೆ 1948ರ ಡಿಸೆಂಬರ್‌ನಲ್ಲಿ ಗೃಹಸ್ಥನೊಬ್ಬ ತನ್ನ ಹದಿನಾರು ವರ್ಷದ ಮಗನನ್ನು ಕರೆತಂದು ಒಪ್ಪಿಸಿದ. ಕಳ್ಳತನ, ಸುಳ್ಳು, ತೀರಿಸಲಾಗದ ಸಾಲ ಇವು ಹುಡುಗನ ಮೇಲಿದ್ದ ದೂರುಗಳು. ಕಳ್ಳರು ಮತ್ತು ವೇಶ್ಯೆಯರ ನಡುವೆ ಠಾಣೆಯ ಕಂಬಿಗಳ ಹಿಂದೆ ರಾತ್ರಿ ಕಳೆದ ಆ ಹುಡುಗನನ್ನು ಬಳಿಕ ವಿಲ್ಜುಯಿಫ್ ಎಂಬಲ್ಲಿದ್ದ ಬಾಲಾಪರಾಧಿಗಳ ಕೇಂದ್ರಕ್ಕೆ ಸಾಗಿಸಲಾಯಿತು. ಹತ್ತು ವರ್ಷಗಳು ಉರುಳಿದವು. 1959ರ ಮೇ ತಿಂಗಳಲ್ಲಿ ಅದೇ ಹುಡುಗ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿಗೆ ಪಾತ್ರನಾದ. ಪ್ರಶಸ್ತಿ ತಂದುಕೊಟ್ಟ ಚಿತ್ರದಲ್ಲಿ ಆ ಠಾಣೆಯ ರಾತ್ರಿಯೂ ಇತ್ತು, ಮಗನನ್ನು ಠಾಣೆಗೆ ಒಪ್ಪಿಸಿದ ತಂದೆಯೂ ಇದ್ದ.

ಆ ಚಿತ್ರ 'ದಿ ಫೋರ್ ಹಂಡ್ರೆಡ್ ಬ್ಲೋಸ್'. ನಿರ್ದೇಶಕ ಫ್ರಾಂಸ್ವಾ ತ್ರುಫೊ. ಇಂಗ್ಲಿಷ್ ಹೆಸರು ಕೇಳಿದವರಿಗೆ ನಾನೂರು ಪೆಟ್ಟುಗಳ ಕಥೆಯಿರಬೇಕು ಎನಿಸುವುದು ಸಹಜ. ಅದು ಫ್ರೆಂಚ್ ನುಡಿಗಟ್ಟೊಂದರ ಪದಶಃ ಅನುವಾದ ಮಾತ್ರ. ಮೂಲದಲ್ಲಿ ಅದಕ್ಕೆ ಮಿತಿಮೀರಿದ ಪುಂಡಾಟ ನಡೆಸುವುದು ಎಂಬ ಅರ್ಥವಿದೆ. ದಾರಿ ತಪ್ಪಿದ ಹದಿಹರೆಯದ ಹುಡುಗರ ಕುರಿತು ಜಗತ್ತಿನಾದ್ಯಂತ ತಯಾರಾದ ಚಿತ್ರಗಳ ಸಾಲಿನಲ್ಲಿ ಇದಕ್ಕೆ ಅಗ್ರಸ್ಥಾನ ಕೊಡುವವರು ಇಂದಿಗೂ ಬಹಳಷ್ಟು ಮಂದಿ. ಆದರೆ ಈ ಚಿತ್ರ ಒಬ್ಬ ಹುಡುಗನನ್ನು ಉದ್ಧರಿಸುವಾಗ ಒಂದು ಕುಟುಂಬವನ್ನು ಬೀದಿಗೆ ತಂದಿತ್ತು ಎಂಬುದನ್ನು ನೆನೆಯುವವರು ಕಡಿಮೆ. ತ್ರುಫೊನ ಬದುಕನ್ನು ಅರಿಯಲು ಈ ಎರಡನೆಯ ಸಂಗತಿಯೂ ಮುಖ್ಯ.

ಫ್ರಾಂಸ್ವಾ ಜನಿಸಿದ್ದು 1932ರ ಫೆಬ್ರುವರಿ 6ರಂದು, ಪ್ಯಾರಿಸ್‌ನಲ್ಲಿ. ತಾಯಿ ಜನೀನ್ ಆಗ ಅವಿವಾಹಿತೆ. ಮರ್ಯಾದಸ್ಥ ಕ್ಯಾಥೊಲಿಕ್ ಕುಟುಂಬಕ್ಕೆ ಈ ಜನನ ಗುಟ್ಟಾಗಿಡಬೇಕಾದ ವಿಷಯವಾಗಿತ್ತು. ಮಗುವನ್ನು ದಾದಿಯೊಬ್ಬಳ ಬಳಿ ಬಿಡಲಾಯಿತು. ಮರುವರ್ಷ ಜನೀನ್ ಕೈಹಿಡಿದ ರೊಲಾಂ ತ್ರುಫೊ ಎಂಬ ನಕ್ಷೆಗಾರ ಮಗುವಿಗೆ ತನ್ನ ಹೆಸರು ಕೊಟ್ಟ. ಹೆಸರು ಸಿಕ್ಕಿತು, ಮನೆ ಸಿಗಲಿಲ್ಲ. ಸೊರಗಿದ ಕೂಸನ್ನು ಎತ್ತಿಕೊಂಡು ಬಂದು ಸಾಕಿದವಳು ತಾಯಿಯ ತಾಯಿ. ಪುಸ್ತಕದ ರುಚಿ ಹತ್ತಿಸಿದವಳೂ ಆ ಅಜ್ಜಿಯೇ. ಆಕೆ ತೀರಿಕೊಂಡ ಮೇಲೆ ಹುಡುಗ ಹೆತ್ತವಳ ಮನೆಗೆ ಬಂದ. ನವಾರಿನ್ ಬೀದಿಯ ಇಕ್ಕಟ್ಟಾದ ಮನೆ ಅದು. ಮಲಗಲು ಆತನಿಗೆ ಓಣಿಯಂಥ ನಡುಮನೆಯಲ್ಲೊಂದು ಮೂಲೆ.

ತಾಯಿಗೆ ಸದ್ದು ಸಹಿಸುತ್ತಿರಲಿಲ್ಲ. ಕುರ್ಚಿಯ ಮೇಲೆ ಅಲುಗಾಡದೆ ಕುಳಿತು ಓದಬೇಕು, ಅಷ್ಟೆ. ಈ ಶಿಕ್ಷೆಯಿಂದಾಗಿಯೇ ಆತ ಬಾಲ್ಜಾಕ್‌ನನ್ನು ಹಚ್ಚಿಕೊಂಡ. ಗಂಡ ಹೆಂಡತಿ ಇಬ್ಬರಿಗೂ ಪರ್ವತಾರೋಹಣದ ಗೀಳು. ವಾರಾಂತ್ಯ ಬಂದರೆ ಬೆಟ್ಟ ಹತ್ತಲು ಹೊರಡುತ್ತಿದ್ದರು. ಹುಡುಗ ಮನೆಯಲ್ಲಿ ಒಬ್ಬನೇ ಉಳಿಯುತ್ತಿದ್ದ. ಸುಮಾರು ಹನ್ನೆರಡರ ವಯಸ್ಸಿನಲ್ಲಿ ಮನೆಯ ಹಳೆಯ ಕಾಗದಪತ್ರಗಳನ್ನು ತಡಕಾಡುವಾಗ ರೊಲಾಂ ತನ್ನ ಹುಟ್ಟುತಂದೆಯಲ್ಲ ಎಂಬ ಸತ್ಯ ಆತನಿಗೆ ತಿಳಿಯಿತು. ಯಾರನ್ನೂ ಕೇಳುವಂತಿರಲಿಲ್ಲ. ಹೇಳುವವರೂ ಇರಲಿಲ್ಲ.

ಅದು ಜರ್ಮನ್ ಆಕ್ರಮಣದ ಕಾಲ. ಶಾಲೆಗೆ ಚಕ್ಕರ್ ಹೊಡೆದು, ಹೊರಬಾಗಿಲಿನಿಂದ ನುಸುಳಿ ಟಿಕೆಟ್ಟಿಲ್ಲದೆ ಸಿನಿಮಾ ನೋಡುವುದು ಫ್ರಾಂಸ್ವಾನ ನಿತ್ಯದ ಕಾಯಕವಾಯಿತು. ಜೊತೆಗಾರ ಸಹಪಾಠಿ ರೊಬೇರ್ ಲಾಶನೆ. ಅದೇ ಚಿತ್ರವನ್ನು ಸಂಜೆ ಅಪ್ಪ ಅಮ್ಮನೊಂದಿಗೆ ಮತ್ತೆ ನೋಡಬೇಕಾಗಿ ಬಂದರೆ, ಮೊದಲ ಸಲ ನೋಡುತ್ತಿರುವಂತೆ ನಟಿಸಬೇಕಾಗುತ್ತಿತ್ತು. ಒಮ್ಮೆ ಶಾಲೆಗೆ ಗೈರಾದದ್ದಕ್ಕೆ ಕಾರಣ ಕೇಳಿದಾಗ, ತಂದೆಯನ್ನು ಜರ್ಮನ್ನರು ಬಂಧಿಸಿದರೆಂದು ಸುಳ್ಳು ಹೇಳಿ ಸಿಕ್ಕಿಬಿದ್ದ. ಚಿತ್ರದಲ್ಲಿ ಈ ಸುಳ್ಳು ಬದಲಾಗಿದೆ. ಅಲ್ಲಿ ನಾಯಕ ಆಂತ್ವಾನ್ ದ್ವಾನೆಲ್ ತನ್ನ ತಾಯಿ ಸತ್ತಳೆಂದು ಹೇಳುತ್ತಾನೆ. ಈ ಬದಲಾವಣೆ ಆಕಸ್ಮಿಕವಿರಲಾರದು.

ಹದಿನಾಲ್ಕಕ್ಕೆ ಶಾಲೆ ಬಿಟ್ಟ ಫ್ರಾಂಸ್ವಾ, ಗೆಳೆಯನೊಂದಿಗೆ ಸೇರಿ 1948ರಲ್ಲಿ ಫಿಲ್ಮ್ ಕ್ಲಬ್ ಒಂದನ್ನು ತೆರೆದ. ಬಾಡಿಗೆಗೆ ತಂದ ಚಿತ್ರಗಳ ಸಾಲ ಬೆಳೆಯಿತು. ಸಾಲ ತೀರಿಸಲು ತಂದೆಯ ಕಚೇರಿಯ ಟೈಪ್‌ರೈಟರ್ ಕದ್ದು ಮಾರಿದ. ರೊಲಾಂನ ತಾಳ್ಮೆ ಅಲ್ಲಿಗೆ ಕಟ್ಟೊಡೆಯಿತು, ಠಾಣೆಯ ಪ್ರಕರಣ ನಡೆಯಿತು. ಆದರೆ ಅದೇ ಕ್ಲಬ್ಬಿನ ನೆಪದಲ್ಲಿ ಆತನಿಗೆ ಇನ್ನೊಬ್ಬರ ಪರಿಚಯವೂ ಆಗಿತ್ತು. ತಮ್ಮ ಪ್ರದರ್ಶನದ ವೇಳೆಗೇ ಬೇರೊಂದು ಕ್ಲಬ್ ಚಿತ್ರ ತೋರಿಸುತ್ತಿದೆ ಎಂದು ತಕರಾರು ತೆಗೆಯಲು ಹೋದ ಹುಡುಗನಿಗೆ ಎದುರಾದವನು ವಿಮರ್ಶಕ ಆಂದ್ರೆ ಬಾಜಾನ್. ಮಾತು ತೊದಲುವ, ಆರೋಗ್ಯ ಸರಿಯಿಲ್ಲದ, ಜೇಬು ಸದಾ ಖಾಲಿಯಿದ್ದ ಈ ಸಜ್ಜನ ಯುದ್ಧಾನಂತರದ ಯೂರೋಪಿನ ಶ್ರೇಷ್ಠ ಸಿನಿಮಾ ಚಿಂತಕರಲ್ಲಿ ಒಬ್ಬ.

ಬಾಲಾಪರಾಧಿ ಕೇಂದ್ರದಲ್ಲಿದ್ದ ಹುಡುಗನ ಪರವಾಗಿ ಬಾಜಾನ್ ಮಧ್ಯೆ ಪ್ರವೇಶಿಸಿದ. 1949ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಮೇಲೆ ಕೆಲಸವನ್ನೂ ಕೊಟ್ಟ. ಕಥೆ ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಪ್ರೇಮಭಂಗದಿಂದ ನೊಂದ ತ್ರುಫೊ 1950ರ ಕೊನೆಯಲ್ಲಿ ಸೈನ್ಯ ಸೇರಿದ. ಇಂಡೋಚೈನಾಕ್ಕೆ ಹೊರಡಬೇಕಾದ ಹೊತ್ತಿಗೆ ದಳ ತೊರೆದು ತಲೆಮರೆಸಿಕೊಂಡ. ಮತ್ತೆ ಬಂಧನ, ಸೈನಿಕ ಸೆರೆಮನೆ. ಮತ್ತೆ ಬಾಜಾನ್‌ನ ಓಡಾಟ. 1952ರಲ್ಲಿ ಸೈನ್ಯದಿಂದ ಮುಕ್ತಿ ದೊರೆತಾಗ ಬಾಜಾನ್ ದಂಪತಿ ಆತನನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಒಂದೇ ಹುಡುಗನನ್ನು ಎರಡು ಬಾರಿ ಕೈಹಿಡಿದೆತ್ತುವ ತಾಳ್ಮೆ ಎಷ್ಟು ಜನರಿಗಿರುತ್ತದೆ?

ಬಾಜಾನ್ ಸ್ಥಾಪಕರಲ್ಲೊಬ್ಬನಾಗಿದ್ದ 'ಕಾಯೆ ದು ಸಿನೆಮಾ' ಪತ್ರಿಕೆಯಲ್ಲಿ ತ್ರುಫೊ ವಿಮರ್ಶಕನಾದ. 1954ರ ಜನವರಿಯಲ್ಲಿ ಪ್ರಕಟವಾದ ಆತನ ಲೇಖನ, ಸಾಹಿತ್ಯ ಕೃತಿಗಳನ್ನು ನಯವಾಗಿ ತೆರೆಗೆ ತರುತ್ತಿದ್ದ ಫ್ರೆಂಚ್ ಚಿತ್ರರಂಗದ ಘಟಾನುಘಟಿಗಳ ಮೇಲೆ ನೇರ ದಾಳಿ ನಡೆಸಿತು. ಚಿತ್ರಕ್ಕೆ ನಿರ್ದೇಶಕನೇ ಕರ್ತೃ ಎಂಬ ವಾದಕ್ಕೆ ಅದು ಬುನಾದಿಯಾಯಿತು. ಲೇಖನಿಯ ಹರಿತ ಎಷ್ಟಿತ್ತೆಂದರೆ 1958ರಲ್ಲಿ ಕಾನ್ ಚಿತ್ರೋತ್ಸವ ಆತನಿಗೆ ಪ್ರವೇಶಪತ್ರವನ್ನೇ ನಿರಾಕರಿಸಿತು. ಮರುವರ್ಷ ಅದೇ ಉತ್ಸವ ಆತನ ಚಿತ್ರವನ್ನು ಸ್ವಾಗತಿಸಿತು. ಇದನ್ನು ಬರೀ ಹೋರಾಟದ ಗೆಲುವೆಂದು ಹೇಳಿದರೆ ಅರ್ಧಸತ್ಯವಾದೀತು. 1957ರಲ್ಲಿ ತ್ರುಫೊ ವರಿಸಿದ್ದು ಮದ್ಲೆನ್ ಮೊರ್ಗೆನ್‌ಸ್ಟರ್ನ್ ಎಂಬಾಕೆಯನ್ನು. ಆಕೆಯ ತಂದೆ ದೊಡ್ಡ ಚಿತ್ರ ವಿತರಕ. ಮೊದಲ ಚಿತ್ರಕ್ಕೆ ಮಾವನ ಬೆಂಬಲ ದೊರೆಯಿತು. ಆ ಅದೃಷ್ಟ ಆ ಕಾಲದ ಎಲ್ಲ ಯುವಕರಿಗೂ ಇರಲಿಲ್ಲ.

ನಾಯಕನ ಪಾತ್ರಕ್ಕೆ ಪತ್ರಿಕಾ ಪ್ರಕಟಣೆ ನೋಡಿ ಬಂದ ಹುಡುಗರ ಗುಂಪಿನಲ್ಲಿ ಹದಿನಾಲ್ಕರ ಜಾನ್ ಪಿಯರ್ ಲಿಯೋ ಸಿಕ್ಕಿದ. ಅವನೂ ಶಾಲೆಯ ಮೇಷ್ಟ್ರುಗಳಿಗೆ ತಲೆನೋವಾಗಿದ್ದವನೇ. ಚಿತ್ರೀಕರಣ ಆರಂಭವಾದದ್ದು 1958ರ ನವೆಂಬರ್ 10ರಂದು. ಆ ದಿನದ ಕೆಲಸ ಮುಗಿಸಿ ತ್ರುಫೊ ಬಾಜಾನ್‌ನ ಹಾಸಿಗೆಯ ಬಳಿಗೆ ಧಾವಿಸಿದ. ಅದೇ ರಾತ್ರಿ, ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಬಾಜಾನ್ ತನ್ನ ನಲವತ್ತನೇ ವಯಸ್ಸಿನಲ್ಲಿ ಕೊನೆಯುಸಿರೆಳೆದ. ಚಿತ್ರ ಅರ್ಪಣೆಯಾಗಿರುವುದು ಆತನ ಸ್ಮರಣೆಗೆ.

ಚಿತ್ರ ನೋಡಿದವರು ಮರೆಯದ ಎರಡು ಭಾಗಗಳಿವೆ. ಒಂದು, ಸುಧಾರಣಾ ಕೇಂದ್ರದಲ್ಲಿ ಮನಶ್ಶಾಸ್ತ್ರಜ್ಞೆಯ ಪ್ರಶ್ನೆಗಳಿಗೆ ಆಂತ್ವಾನ್ ಉತ್ತರಿಸುವ ದೃಶ್ಯ. ಆಕೆಯ ಮುಖ ಕಾಣುವುದಿಲ್ಲ, ದನಿ ಮಾತ್ರ. ಲಿಯೋಗೆ ಸಂಭಾಷಣೆ ಬರೆದುಕೊಟ್ಟಿರಲಿಲ್ಲ, ಬಹುಪಾಲು ಉತ್ತರಗಳು ಅವನವೇ. ಇನ್ನೊಂದು, ಫುಟ್ಬಾಲ್ ಆಟದ ನಡುವೆ ತಪ್ಪಿಸಿಕೊಂಡ ಹುಡುಗ ಓಡುತ್ತ ಓಡುತ್ತ ಸಮುದ್ರದ ತನಕ ಬರುವ ಅಂತಿಮ ದೃಶ್ಯ. ಅಲೆಗೆ ಕಾಲೊಡ್ಡಿ ಆತ ಹಿಂದಿರುಗುತ್ತಾನೆ, ಕ್ಯಾಮೆರಾದತ್ತ ನೋಡುತ್ತಾನೆ, ಚಿತ್ರ ಅಲ್ಲೇ ಸ್ತಬ್ಧವಾಗುತ್ತದೆ. ಮುಂದೆ ಹೋಗಲು ನೆಲವಿಲ್ಲ, ಹಿಂದಿರುಗಲು ಮನೆಯಿಲ್ಲ. ಹುಡುಗ ಸುಧಾರಿಸಿದನೆ ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡುವುದಿಲ್ಲ.

ತೆರೆಯ ಮೇಲಿನ ಮನೆ ತಮ್ಮದೇ ಎಂದು ಗುರುತಿಸಲು ನವಾರಿನ್ ಬೀದಿಯ ದಂಪತಿಗೆ ತಡವಾಗಲಿಲ್ಲ. ಕಾಲವನ್ನು ಯುದ್ಧದ ದಿನಗಳಿಂದ ಐವತ್ತರ ದಶಕದ ಕೊನೆಗೆ ಬದಲಿಸಿದ್ದರೂ, ಪರ್ವತಾರೋಹಣದ ಹವ್ಯಾಸದ ಜಾಗದಲ್ಲಿ ಕಾರ್ ಕ್ಲಬ್ಬಿನ ಹುಚ್ಚನ್ನು ತಂದಿಟ್ಟಿದ್ದರೂ ಹೊರಗಿನವರಿಗೂ ಗುಟ್ಟು ತಿಳಿಯಿತು. ನಿರ್ದೇಶಕನ ಬಾಲ್ಯ ಪತ್ರಿಕೆಗಳಲ್ಲಿ ಚರ್ಚೆಯ ವಸ್ತುವಾಯಿತು. ಬೇರೊಬ್ಬನ ಮಗುವಿಗೆ ಹೆಸರು ಕೊಟ್ಟು ಸಾಕಿದ ರೊಲಾಂಗೆ ಇದು ಸಹಿಸಲಾರದ ಅವಮಾನ. ಆತ ಮಗನಿಗೆ ಕಟುವಾದ ಪತ್ರ ಬರೆದ. ತ್ರುಫೊ ಮೊದಮೊದಲು ಇದು ಆತ್ಮಕಥೆಯಲ್ಲವೆಂದು ಸಮಜಾಯಿಷಿ ನೀಡಲು ನೋಡಿದ. ನಂಬುವವರು ಯಾರು? ಸಂಬಂಧ ಬಹುಕಾಲ ಹಳಸಿಯೇ ಉಳಿಯಿತು. ಇಲ್ಲಿ ರೊಲಾಂನನ್ನು ಖಳನೆಂದು ತೀರ್ಮಾನಿಸುವುದು ಸುಲಭ, ನ್ಯಾಯವಲ್ಲ. ಚಿತ್ರದ ತಂದೆಯಲ್ಲೂ ಹಾಸ್ಯವಿದೆ, ಮಮತೆಯ ಗಳಿಗೆಗಳಿವೆ. ಕಟುವಾಗಿ ಚಿತ್ರಿತವಾದವಳು ತಾಯಿ.

ಆ ಋಣ ಆಮೇಲಿನ ವರ್ಷಗಳುದ್ದಕ್ಕೂ ತ್ರುಫೊನನ್ನು ಬಿಡಲಿಲ್ಲ. ಬಾಜಾನ್ ತನಗೆ ಏನಾಗಿದ್ದನೋ ಅದನ್ನು ಆತ ಲಿಯೋಗೆ ಆಗಬೇಕಾಯಿತು. ಹಠಾತ್ ಖ್ಯಾತಿಯ ನಡುವೆ ಓದು ಕೆಟ್ಟ ಹುಡುಗನ ವಸತಿ, ಖರ್ಚು, ಕೆಲಸದ ಹೊಣೆಯನ್ನು ವಹಿಸಿಕೊಂಡ. ಆಂತ್ವಾನ್ ದ್ವಾನೆಲ್ ಪಾತ್ರವನ್ನು ಲಿಯೋ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇನ್ನೂ ನಾಲ್ಕು ಬಾರಿ ನಿರ್ವಹಿಸಿದ. ಪ್ರೇಕ್ಷಕರ ಕಣ್ಣೆದುರೇ ಪಾತ್ರಕ್ಕೂ ನಟನಿಗೂ ಒಟ್ಟಿಗೆ ವಯಸ್ಸಾಯಿತು. ಕಾಡಿನಲ್ಲಿ ಸಿಕ್ಕ ಬಾಲಕನೊಬ್ಬನಿಗೆ ನಡೆನುಡಿ ಕಲಿಸಲು ಹೆಣಗುವ ವೈದ್ಯನ ಸತ್ಯಕಥೆ 'ದಿ ವೈಲ್ಡ್ ಚೈಲ್ಡ್' 1970ರಲ್ಲಿ ಬಂತು. ವೈದ್ಯ ಇಟಾರ್ಡ್‌ನ ಪಾತ್ರವನ್ನು ತ್ರುಫೊ ಬೇರೆ ನಟನಿಗೆ ಕೊಡದೆ ತಾನೇ ಮಾಡಿದ. ಹನ್ನೊಂದು ವರ್ಷಗಳ ಹಿಂದೆ ಹುಡುಗನ ಪರವಾಗಿ ನಿಂತಿದ್ದ ನಿರ್ದೇಶಕ ಈಗ ಪೋಷಕನ ಕುರ್ಚಿಯಲ್ಲಿ ಕುಳಿತಿದ್ದ. ಚಿತ್ರ ಅರ್ಪಣೆಯಾದದ್ದು ಲಿಯೋಗೆ. 1976ರ 'ಸ್ಮಾಲ್ ಚೇಂಜ್' ಚಿತ್ರದಲ್ಲಿಯೂ ಮನೆಯಲ್ಲಿ ಹೊಡೆತ ತಿನ್ನುವ ಬಾಲಕನೊಬ್ಬ ಬರುತ್ತಾನೆ. ಅಲ್ಲಿ ಶಾಲೆಯ ಮೇಷ್ಟ್ರು ಮಕ್ಕಳ ಪರವಾಗಿ ಮಾತಾಡುತ್ತಾನೆ.

1968ರಲ್ಲಿ ಎರಡು ಘಟನೆಗಳು ನಡೆದವು. 'ಸ್ಟೋಲನ್ ಕಿಸಸ್' ಚಿತ್ರದಲ್ಲಿ ಆಂತ್ವಾನ್ ಖಾಸಗಿ ಪತ್ತೇದಾರನಾಗುತ್ತಾನೆ. ಅದಕ್ಕಾಗಿ ಪ್ಯಾರಿಸ್‌ನ ಪತ್ತೇದಾರಿ ಸಂಸ್ಥೆಯೊಂದರ ಸಂಪರ್ಕಕ್ಕೆ ಬಂದ ತ್ರುಫೊ, ತನ್ನ ಹುಟ್ಟುತಂದೆಯನ್ನು ಹುಡುಕುವ ಕೆಲಸವನ್ನೂ ಅವರಿಗೇ ವಹಿಸಿದ. ಅವರ ವರದಿ ಬೆರಳು ಮಾಡಿದ್ದು ಬೇಯೋನ್ ಮೂಲದ ಯೆಹೂದಿ ದಂತವೈದ್ಯನೊಬ್ಬನತ್ತ. ವಿಚಿತ್ರವೆಂದರೆ ಆತನ ಹೆಸರೂ ರೊಲಾಂ. ರೊಲಾಂ ಲೆವಿ ಆಗ ಪೂರ್ವ ಫ್ರಾನ್ಸಿನ ಬೆಲ್‌ಫೋರ್ ಪಟ್ಟಣದಲ್ಲಿ ನೆಲೆಸಿದ್ದ. ತ್ರುಫೊ ಆ ಊರಿಗೆ ಹೋದ, ಸಂಜೆ ಆತ ಮನೆಯಿಂದ ಹೊರಬರುವುದನ್ನು ದೂರದಿಂದ ನೋಡಿದ, ಮಾತಾಡಿಸದೆ ಹಿಂದಿರುಗಿದ ಎಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಮೂವತ್ತಾರು ವರ್ಷ ಮುಚ್ಚಿದ್ದ ಬಾಗಿಲನ್ನು ತಟ್ಟುವುದು ಇಬ್ಬರಿಗೂ ಕ್ಷೇಮವಲ್ಲವೆಂದು ಎನಿಸಿತೋ ಏನೋ. ಒಮ್ಮೆ ಅಪ್ಪ ಅಮ್ಮನ ಗುಟ್ಟನ್ನು ಊರಿಗೆಲ್ಲ ತೋರಿಸಿದವನು ಈ ಸಲ ಸುಮ್ಮನಿದ್ದ. ಅದೇ ವರ್ಷದ ಆಗಸ್ಟ್‌ನಲ್ಲಿ ತಾಯಿ ಜನೀನ್ ತೀರಿಕೊಂಡಳು.

ಖ್ಯಾತಿಗೆ ಕೊರತೆಯಿರಲಿಲ್ಲ. ಹಿಚ್‌ಕಾಕ್ ಜೊತೆಗಿನ ಸುದೀರ್ಘ ಸಂದರ್ಶನಗಳ ಗ್ರಂಥ 1966ರಲ್ಲಿ ಪ್ರಕಟವಾಗಿ ಸಿನಿಮಾ ವಿದ್ಯಾರ್ಥಿಗಳ ಕೈಪಿಡಿಯಾಯಿತು. 'ಡೇ ಫಾರ್ ನೈಟ್' ಚಿತ್ರಕ್ಕೆ 1974ರಲ್ಲಿ ಆಸ್ಕರ್ ಬಂತು. ಸ್ಪೀಲ್‌ಬರ್ಗ್‌ನ 'ಕ್ಲೋಸ್ ಎನ್‌ಕೌಂಟರ್ಸ್' ಚಿತ್ರದಲ್ಲಿ ಫ್ರೆಂಚ್ ವಿಜ್ಞಾನಿಯಾಗಿ ನಟಿಸಿದ. ಆ ಚಿತ್ರದ ಭಾರತದ ದೃಶ್ಯವನ್ನು 1977ರಲ್ಲಿ ಮುಂಬಯಿ ಬಳಿಯ ಹಳ್ಳಿಯೊಂದರಲ್ಲಿ ಚಿತ್ರಿಸಲಾಗಿದ್ದು, ನೂರಾರು ಜನ ಆಕಾಶದತ್ತ ಕೈಯೆತ್ತಿ ತೋರಿಸುವ ಆ ಸನ್ನಿವೇಶ ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಆಂತ್ವಾನ್‌ನ ಕೊನೆಯ ಕಥೆ 'ಲವ್ ಆನ್ ದಿ ರನ್' 1979ರಲ್ಲಿ ತೆರೆಕಂಡಿತು. ಚಿತ್ರವಾಗಿ ಅದು ಸಪ್ಪೆ. ಹಳೆಯ ಚಿತ್ರಗಳ ತುಣುಕುಗಳನ್ನು ಅತಿಯಾಗಿ ಪೋಣಿಸಲಾಗಿದೆ. ಆದರೆ ಅದರಲ್ಲೊಂದು ಪ್ರಸಂಗವಿದೆ. ಮೊದಲ ಚಿತ್ರದಲ್ಲಿ ಶಾಲೆ ತಪ್ಪಿಸಿ ಅಲೆಯುತ್ತಿದ್ದ ಆಂತ್ವಾನ್ ಬೀದಿಯಲ್ಲಿ ತಾಯಿಯನ್ನು ಪರಪುರುಷನೊಂದಿಗೆ ಕಂಡಿದ್ದ. ಇಪ್ಪತ್ತು ವರ್ಷಗಳ ನಂತರ ಆ ವ್ಯಕ್ತಿ ಎದುರಾಗುತ್ತಾನೆ. ತಾಯಿ ತನ್ನದೇ ರೀತಿಯಲ್ಲಿ ಮಗನನ್ನು ಪ್ರೀತಿಸುತ್ತಿದ್ದಳೆಂದು ತಿಳಿಸಿ, ಆಂತ್ವಾನ್ ಒಮ್ಮೆಯೂ ನೋಡಿರದ ಆಕೆಯ ಸಮಾಧಿಯ ಬಳಿಗೆ ಕರೆದೊಯ್ಯುತ್ತಾನೆ. ಸಮಾಧಿ ಇರುವುದು ಮೊಂಮಾರ್ತ್ರ್ ರುದ್ರಭೂಮಿಯಲ್ಲಿ.

ಮಿದುಳಿನ ಗೆಡ್ಡೆಗೆ 1983ರ ಸೆಪ್ಟೆಂಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತ್ರುಫೊ ಚೇತರಿಸಿಕೊಳ್ಳಲಿಲ್ಲ. 1984ರ ಅಕ್ಟೋಬರ್ 21ರಂದು, ಐವತ್ತೆರಡನೇ ವಯಸ್ಸಿನಲ್ಲಿ ನಿಧನನಾದ. ಆತನನ್ನು ಮಣ್ಣು ಮಾಡಿದ್ದು ಅದೇ ಮೊಂಮಾರ್ತ್ರ್ ರುದ್ರಭೂಮಿಯಲ್ಲಿ. ಹುಡುಗನಾಗಿದ್ದಾಗ ಸದ್ದು ಮಾಡದೆ ಕುಳಿತು ಓದುತ್ತಿದ್ದ ನವಾರಿನ್ ಬೀದಿಯ ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು.